ಗಾಳಿಯಂತ್ರದ ಬುಡದಲ್ಲಿ ಬಿ.ಎ. ತರಗತಿ

ಚಿತ್ರದುರ್ಗದ ಪದವಿ ಕಾಲೇಜೊಂದರಲ್ಲಿ ಬಿ.ಎ. ಮತ್ತು ಬಿ.ಕಾಂ. ವಿದ್ಯಾರ್ಥಿಗಳಿಗೆ ಪರಿಸರ ಅಧ್ಯಯನ ಕಲಿಸುವ ನನಗೆ, ವಿದ್ಯುತ್ ಯೋಜನೆಗಳ ಪರಿಣಾಮವನ್ನು ಅಂದಾಜು ಮಾಡುವ ಪಾಠ ಮೊದಲ ವರ್ಷ ಕೈಹಿಡಿಯಲಿಲ್ಲ. ಯೋಜನೆಗಳ ಪರಿಸರ ಪರಿಣಾಮವನ್ನು ಮೊದಲೇ ಅಂದಾಜು ಮಾಡಬೇಕೆನ್ನುವ ಕೇಂದ್ರ ಸರ್ಕಾರದ 2006ರ ಅಧಿಸೂಚನೆ, ಅದರ ಹಂತಗಳು, ಸಾರ್ವಜನಿಕ ಅಹವಾಲು ಎಂದು ಬರೆಸಿದ್ದನ್ನೆಲ್ಲ ಮಕ್ಕಳು ಉರುಹೊಡೆದರು. ಊರಾಚೆಯ ಗುಡ್ಡಗಳ ಮೇಲೆ ದಿನವೂ ಕಾಣುವ ಗಾಳಿಯಂತ್ರಗಳ ಬಗ್ಗೆ ಕೇಳಿದರೆ ಮಾತ್ರ, ಹೊಗೆ ಬರುವುದಿಲ್ಲವಾದ್ದರಿಂದ ಪರಿಣಾಮವೂ ಇಲ್ಲ ಎಂದರು. ಮೊದಲೇ ಪರಿಸರ ಅನುಮತಿ ಪಡೆಯಬೇಕಾದ ಯೋಜನೆಗಳೆಂದು ಆ ಅಧಿಸೂಚನೆ ಕೊಡುವ ಪಟ್ಟಿಯಲ್ಲಿ ಪವನ ವಿದ್ಯುತ್ ಸೇರಿಯೇ ಇಲ್ಲ. ಹೀಗಿರುವಾಗ ನೋಡುವ ಹೊಣೆ ಊರಿನವರ ಮೇಲೆಯೇ ಹೆಚ್ಚು ಬೀಳುತ್ತದೆ ಎಂದು ನಾನು ನಂಬಿದ್ದೇನೆ.

ಮರುವರ್ಷ ಅವರನ್ನು ಗುಡ್ಡದ ಬುಡಕ್ಕೇ ಕರೆದೊಯ್ದು, ಯಂತ್ರವನ್ನು ವರ್ಣಿಸದೆ, ಅದು ಬಾರದೇ ಇದ್ದಿದ್ದರೆ ಈ ಜಾಗ ಇಂದು ಹೇಗಿರುತ್ತಿತ್ತು ಎಂಬುದನ್ನು ಬರೆಯಲು ಹೇಳಿದೆ. ಈ ಒಂದು ಪ್ರಶ್ನೆಗೆ ಎರಡು ತರಗತಿಗಳನ್ನು ಪೂರ್ತಿ ಕೊಟ್ಟೆ. ಕುರಿ ಸಾಕುವ ಮನೆಯ ವಿದ್ಯಾರ್ಥಿನಿಯೊಬ್ಬಳು ಕಂಬವನ್ನು ಬಿಟ್ಟು, ಅದರ ಬಿಡಿಭಾಗಗಳನ್ನು ಸಾಗಿಸಲು ಗುಡ್ಡ ಕಡಿದು ಮಾಡಿದ ರಸ್ತೆಯ ಅಂಚನ್ನು ನೋಡುತ್ತಾ ಹೋದಳು. ಅಲ್ಲಿ ಹುಲ್ಲಿನ ಬೇರುಗಳು ಗಾಳಿಯಲ್ಲಿ ತೂಗುತ್ತಿದ್ದವು. ಕೆಳಗೆ ಕೆಂಪು ಮಣ್ಣು ಕೊರಕಲಿಗೆ ಜಾರಿತ್ತು.

"ತಾತ, ಮಳೆ ಬಂದ್ರೆ ಈ ಮಣ್ಣು ಎಲ್ಲಿಗೆ ಹೋಗ್ತೈತೆ?" ಎಂದು ಕುರಿ ಮೇಯಿಸುತ್ತಿದ್ದ ಹಿರಿಯರನ್ನು ಕೇಳಿದಳು.

"ನಮ್ಮ ಕಟ್ಟೆಗೇ ಬರ್ತೈತಮ್ಮ. ಕುರಿ ನೀರು ಕುಡಿಯೋದು ಅಲ್ಲೇ."

ಇಂಥ ಪರಿಣಾಮಗಳನ್ನು ತೂಗಿ ನೋಡಲೆಂದು 1971ರಲ್ಲಿ ಅಮೆರಿಕದ ಜಲವಿಜ್ಞಾನಿ ಲೂನಾ ಲಿಯೋಪೋಲ್ಡ್ ಮತ್ತು ಸಂಗಡಿಗರು ರೂಪಿಸಿದ ಕೋಷ್ಟಕದಲ್ಲಿ 100 ಬಗೆಯ ಕೆಲಸಗಳೂ 88 ಪರಿಸರ ಅಂಶಗಳೂ ಇವೆ. ನಾವು ಅದನ್ನು 6 ಕೆಲಸ ಮತ್ತು 5 ಅಂಶಗಳಿಗೆ ಇಳಿಸಿಕೊಂಡೆವು. ಕೋಷ್ಟಕದ ಪ್ರತಿ ಚೌಕದಲ್ಲಿ 1ರಿಂದ 10ರೊಳಗೆ ಎರಡು ಅಂಕಿಗಳಿರಬೇಕು: ಒಂದು ಪರಿಣಾಮದ ಗಾತ್ರಕ್ಕೆ, ಇನ್ನೊಂದು ಅದರ ಮಹತ್ವಕ್ಕೆ. ಕಟ್ಟೆಯ ಹೂಳಿಗೆ ಗಾತ್ರ 3, ಮಹತ್ವ 8 ಎಂದು ಆ ವಿದ್ಯಾರ್ಥಿನಿ ಬರೆದಾಗ, ಸಣ್ಣದೊಂದು ಸಂಗತಿಗೆ ಇಷ್ಟು ಮಹತ್ವವೇಕೆ ಎಂದು ಬಿ.ಕಾಂ. ಮಕ್ಕಳು ತಕರಾರು ತೆಗೆದರು. ಇಡೀ ಪಾಠದ ತಿರುಳು ಆ ತಕರಾರಿನಲ್ಲಿತ್ತು. ವಿಜ್ಞಾನ ಓದದವರು ಹಿಂಜರಿಯುವುದು ಗಾತ್ರದ ಅಂಕಿಗೆ, ಮಹತ್ವವನ್ನು ತೂಗಲು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಲಾಭದ ಕಡೆಯನ್ನೂ ಬಿಡಲಿಲ್ಲ. 2 ಮೆಗಾವ್ಯಾಟ್ ಯಂತ್ರವೊಂದು ವರ್ಷವಿಡೀ ಸರಾಸರಿ ಶೇ. 25ರಷ್ಟು ಸಾಮರ್ಥ್ಯದಲ್ಲಿ ಓಡಿದರೆ ಸುಮಾರು 43.8 ಲಕ್ಷ ಯೂನಿಟ್ ಬರುತ್ತದೆಂದು ಬಿ.ಕಾಂ. ಮಕ್ಕಳೇ ಲೆಕ್ಕ ಹಾಕಿದರು, ಅಷ್ಟನ್ನು ಕಲ್ಲಿದ್ದಲಿನಿಂದ ತೆಗೆದರೆ ಬೀಳುವ ಬೂದಿ ಮತ್ತು ಹೊಗೆಗಾಗಿ ಇನ್ನೊಂದು ಕೋಷ್ಟಕ ಮಾಡಿದರು.

ಕಣ್ಣಿಗೆ ಬೀಳದ ಪರಿಣಾಮಕ್ಕೆ ನಾನು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಚಾಳಕೇವಾಡಿಯಲ್ಲಿ ಗಾಳಿಯಂತ್ರಗಳ ಸುತ್ತ ನಡೆದ ಅಧ್ಯಯನವನ್ನು ತಂದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಕಾರ, ಯಂತ್ರಗಳಿರುವ ಕಡೆ ಬೇಟೆ ಹಕ್ಕಿಗಳು ಕಡಿಮೆಯಾಗಿ ಓತಿಕ್ಯಾತಗಳು ಹೆಚ್ಚಿದ್ದವು. ಆ ದಿನವೇ ನಮ್ಮ ಕೋಷ್ಟಕದ "ಪ್ರಾಣಿ-ಪಕ್ಷಿ" ಎಂಬ ಒಂದು ಸಾಲನ್ನು ಮಕ್ಕಳು ಮೂರಾಗಿ ಒಡೆದರು, ಮೂರನೆಯದರಲ್ಲಿ ಕುರಿಗಳನ್ನು ಪ್ರತ್ಯೇಕವಾಗಿ ಬರೆದರು.