ಮಳೆಗಾಲದಲ್ಲಿ ಒಣಗದ ಕಪ್ಪು

ಜುಲೈ ತಿಂಗಳು, ಚಿಕ್ಕಮಗಳೂರಿನ ಜಡಿಮಳೆ. ಅಡುಗೆಮನೆಯಿಂದ ಹಿತ್ತಾಳೆ ಕಾಫಿ ಫಿಲ್ಟರ್, ಒಂದು ಲೋಟ, ಎರಡು ನಿಂಬೆಹಣ್ಣು ತಂದಿಟ್ಟು ಎಣ್ಣೆ ಬಣ್ಣದಲ್ಲಿ ಚಿತ್ರ ಬರೆಯಲು ಕೂತೆ. ಫಿಲ್ಟರ್ ಚೆನ್ನಾಗಿಯೇ ಬಂತು. ಹಿನ್ನೆಲೆಯ ಕಪ್ಪು ಮಾತ್ರ ಮೂರು ವಾರವಾದರೂ ಒಣಗಲಿಲ್ಲ. ಬೆರಳಿಟ್ಟರೆ ಅಂಟು. "ಫಿಲ್ಟರ್ ಯಾವಾಗ ವಾಪಸ್ ಕೊಡ್ತೀಯೋ?" ಅಂತ ಅಮ್ಮನ ತಗಾದೆ ಬೇರೆ.

ಸುಮ್ನೆ ಮಳೆಯನ್ನು ಬೈದುಕೊಂಡೆ. ಥಂಡಿಗೆ ಒಣಗುವುದು ನಿಧಾನ, ನಿಜ. ಆದರೆ ಜಾಸ್ತಿ ತಪ್ಪು ನನ್ನದೇ. ಎಣ್ಣೆ ಬಣ್ಣ ನೀರಿನ ಹಾಗೆ ಆರಿ ಒಣಗುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ನಾನು ಬಳಸಿದ್ದು ಐವರಿ ಬ್ಲ್ಯಾಕ್, ಮೊದಲೇ ನಿಧಾನಕ್ಕೆ ಒಣಗುವ ಬಣ್ಣ. ಹೊಳಪು ಬರಲಿ ಅಂತ ಅದಕ್ಕೆ ಇನ್ನಷ್ಟು ಎಣ್ಣೆ ಸುರಿದು, ದಪ್ಪಗೆ ಬಳಿದು, ಕ್ಯಾನ್ವಾಸನ್ನು ಕತ್ತಲೆ ಕೋಣೆಯಲ್ಲಿ ಇಟ್ಟಿದ್ದೆ!

ಆ ಕಪ್ಪನ್ನು ಪ್ಯಾಲೆಟ್ ಚಾಕುವಿನಿಂದ ಕೆರೆದು, ಬಣ್ಣ ತೆಳುವಾಗಿಸುವ ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಫಿಲ್ಟರಿನ ಅಂಚು ಸ್ವಲ್ಪ ಕಿತ್ತುಹೋಯಿತು, ಹೊಟ್ಟೆ ಉರಿಯಿತು. ಈ ಸಲ ಬರ್ನ್ಟ್ ಅಂಬರ್ ಎಂಬ ಕಂದು ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿ ಬೆರೆಸಿ ಕಪ್ಪು ಮಾಡಿಕೊಂಡೆ. ಅಂಬರಿನಲ್ಲಿ ಮ್ಯಾಂಗನೀಸ್ ಇದೆ, ಅದು ಎಣ್ಣೆಯನ್ನು ಬೇಗ ಒಣಗಿಸುತ್ತದೆ. ಬೇರೆ ಎಣ್ಣೆ ಸೇರಿಸಲಿಲ್ಲ. ಟರ್ಪೆಂಟೈನ್ ಹಾಕಿ ತೆಳ್ಳಗೆ ಬಳಿದು, ಕಿಟಕಿಯ ಬೆಳಕು ಬೀಳುವ ಕಡೆ ಇಟ್ಟೆ. ನಾಲ್ಕನೇ ದಿನ ಮುಟ್ಟಿದರೆ ಕೈಗೆ ಬಣ್ಣ ಹತ್ತಲಿಲ್ಲ.

"ಹಿತ್ತಾಳೆ ಈಗ ಇನ್ನೂ ಹೊಳೀತಿದೆ, ಅಲ್ವಾ?" ಎಂದು ಅಮ್ಮನನ್ನು ಕೇಳಿದೆ. ಅಮ್ಮ ಮಾತಾಡದೆ ಫಿಲ್ಟರ್ ಎತ್ತಿಕೊಂಡು ಹೋದರು.