ಬಾಟಲಿಯಲ್ಲಿ ಹೊತ್ತುಕೊಂಡು ಹೋದ ಹಳ್ಳದ ನೀರು

ನಮ್ಮೂರ ಕೆರೆಗೆ ಸೇರುವ ಹಳ್ಳ ಒಂದು ದಿನ ನೇರಳೆ, ಇನ್ನೊಂದು ದಿನ ಹಸಿರು. ಮೇಲುಗಡೆ ಬಟ್ಟೆಗೆ ಬಣ್ಣ ಹಾಕುವ ಘಟಕವಿದೆ. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು ಅಂದುಕೊಂಡು, ಬಾಟಲಿಯಲ್ಲಿ ಆ ನೀರು ತುಂಬಿ, ಮುಚ್ಚಳಕ್ಕೆ ಟೇಪು ಸುತ್ತಿ, ಸಂಬಂಧಪಟ್ಟ ಕಚೇರಿಯ ಮೇಜಿನ ಮೇಲಿಟ್ಟೆ. "ಇದು ಆ ಹಳ್ಳದ್ದೇ ಅಂತ ಹೇಗೆ ನಂಬೋದು ಸ್ವಾಮಿ?" ಅಂದರು. ಮೈ ಉರಿಯಿತು. ಆದರೆ ಮಾತು ತಪ್ಪಿರಲಿಲ್ಲ. 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯವರೇ ಘಟಕಕ್ಕೆ ನೋಟಿಸ್ ಕೊಟ್ಟು ಮಾದರಿ ತೆಗೆಯಬೇಕು, ಸೀಲ್ ಹಾಕಿ ಸಹಿ ಮಾಡಬೇಕು. ಟೇಪು ಸುತ್ತಿದ ಬಾಟಲಿಗೆ ಅಲ್ಲಿ ಬೆಲೆಯಿಲ್ಲ.

ಆಮೇಲೆ ಅರ್ಜಿಯ ಮೇಲೆ ಅರ್ಜಿ ಕೊಟ್ಟೆ. ಎಲ್ಲಕ್ಕೂ "ಪರಿಶೀಲನೆಯಲ್ಲಿದೆ" ಎಂಬ ಒಂದೇ ಉತ್ತರ.

ದಾರಿ ತೆರೆದದ್ದು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು. ಮಾಹಿತಿ ಹಕ್ಕಿನಲ್ಲಿ ಮೊದಲು ಮೂರು ಪುಟದ ಗೋಳು ಬರೆದಿದ್ದೆ, ವಾಪಸ್ ಬಂತು. ನಮ್ಮ ರಾಜ್ಯದ ನಿಯಮದಲ್ಲಿ ಒಂದೇ ವಿಷಯ, 150 ಪದದೊಳಗೆ. ಎರಡನೆಯದರಲ್ಲಿ ಕೇಳಿದ್ದು ಇಷ್ಟೇ: ಈ ಘಟಕ ನಡೆಸಲು ಮಂಡಳಿ ಕೊಟ್ಟ ಸಮ್ಮತಿ ಪತ್ರ, ಷರತ್ತುಗಳ ಸಮೇತ. ಪ್ರತಿ ಕೈಗೆ ಬಂದಾಗ ಪೆನ್ಸಿಲ್ ಹಿಡಿದು ಒಂದೊಂದೇ ಸಾಲು ಓದಿದೆ. ನಡುವೆ ಎಲ್ಲೋ ಒಂದು ಷರತ್ತು: ಶುದ್ಧೀಕರಿಸಿದ ನೀರನ್ನೂ ಆವರಣದಿಂದಾಚೆ ಬಿಡುವಂತಿಲ್ಲ. ಎರಡು ಸಲ ಓದಿಕೊಂಡೆ. ನೀರಿನಲ್ಲಿ ವಿಷ ಇದೆಯೋ ಇಲ್ಲವೋ ಎಂದು ನಾನು ತೋರಿಸಬೇಕಾಗಿಯೇ ಇಲ್ಲ. ಪೈಪಿನಿಂದ ನೀರು ಹೊರಗೆ ಬಂದರೆ ಸಾಕು, ಅದೇ ಉಲ್ಲಂಘನೆ. ಜನ ಕಾನೂನು ಪುಸ್ತಕ ಹುಡುಕುತ್ತಾರೆ. ನನ್ನನ್ನು ಕೇಳಿದರೆ, ಮೊದಲು ಹುಡುಕಬೇಕಾದ್ದು ಈ ಕಾಗದ.

ಪೈಪಿನ ಬಾಯಿಯ ಫೋಟೊ, ತಾರೀಖು, ಸಮ್ಮತಿ ಪತ್ರ ಜೋಡಿಸಿಕೊಂಡು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದೆ. ಕರ್ನಾಟಕದವರಿಗೆ ಚೆನ್ನೈನ ದಕ್ಷಿಣ ಪೀಠ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ವಕೀಲರೇ ಬೇಕೆಂದಿಲ್ಲ, ನಾನೇ ವಾದಿಸಿದೆ. ಎಡವುವುದರಲ್ಲಿದ್ದದ್ದು ಗಡುವಿನಲ್ಲಿ. ಈ ನ್ಯಾಯಮಂಡಳಿಯ 2010ರ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ತಕರಾರಿನ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ತಕ್ಕ ಕಾರಣವಿದ್ದರೆ ಇನ್ನು 60 ದಿನ, ಅಷ್ಟೇ. ನನ್ನ ಮೊದಲ ದೂರಿನಲ್ಲೇ "ಇಂಥ ತಾರೀಖಿನಿಂದ ನೀರು ಬರುತ್ತಿದೆ" ಎಂದು ಬರೆದುಕೊಟ್ಟಿದ್ದೆ. ಲೆಕ್ಕ ಹಾಕಿದರೆ ಉಳಿದದ್ದು ಹನ್ನೊಂದು ದಿನ! ಪರಿಶೀಲನೆ ಮುಗಿಯಲಿ ಎಂದು ಕಾದಿದ್ದರೆ ಕೇಸು ಅಲ್ಲೇ ಸತ್ತಿರುತ್ತಿತ್ತು. ಬಾವಿ ಕೆಟ್ಟು ಪರಿಹಾರ ಕೇಳುವ ಪಕ್ಕದ ತೋಟದವರಿಗೆ ಐದು ವರ್ಷ ಇದೆ, ಅದು 15ನೇ ಸೆಕ್ಷನ್, ಅವರು ಇನ್ನೂ ಯೋಚಿಸುತ್ತಿದ್ದಾರೆ.

ಪೀಠ ಜಂಟಿ ಸಮಿತಿ ನೇಮಿಸಿತು. ಅವರು ಬಂದು ಮಾದರಿ ತೆಗೆದದ್ದು ನಾನು ಬಾಟಲಿ ಮುಳುಗಿಸಿದ್ದ ಕಲ್ಲಿನ ಹತ್ತಿರವೇ. ಅಂತಿಮ ಆದೇಶ ಇನ್ನೂ ಬಂದಿಲ್ಲ. ಹಳ್ಳಕ್ಕೆ ಸದ್ಯ ಬಣ್ಣವಿಲ್ಲ. ಜೋರು ಮಳೆ ಬಂದ ಮರುದಿನ ಮಾತ್ರ ಆ ವಾಸನೆ ಬರುತ್ತದೆ, ತಾರೀಖು ಬರೆದಿಟ್ಟುಕೊಳ್ಳುತ್ತಿದ್ದೇನೆ.