ಮೊದಲು ಕೆಲಸ, ಆಮೇಲೆ ಹೆಸರು: ನಲಿ-ಕಲಿ ಕೋಣೆಯಲ್ಲಿ ಸಾಧಕಿಯರ ಚಿತ್ರಪುಸ್ತಕ

ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಾನು ನಲಿ-ಕಲಿ, ಅಂದರೆ ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿಯ ಶಿಕ್ಷಕಿ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ನನ್ನ ಕೋಣೆಯಲ್ಲಿ ಒಟ್ಟಿಗೇ ಕೂರುತ್ತಾರೆ. ಇಷ್ಟು ಚಿಕ್ಕವರಿಗೆ ಇತಿಹಾಸದ ಮಹಿಳೆಯರನ್ನು ಪರಿಚಯಿಸುವಾಗ ಹುಟ್ಟಿದ ಊರು, ತಂದೆ-ತಾಯಿ, ಬಂದ ಪ್ರಶಸ್ತಿ ಎಂಬ ಕ್ರಮದಲ್ಲಿ ಹೇಳುತ್ತಾ ಹೋದರೆ ಅವರ ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ. ಆಕೆ ಕೈಯಾರೆ ಮಾಡಿದ ಒಂದು ಕೆಲಸ ಚಿತ್ರದಲ್ಲಿ ಕಂಡರೆ ಅದು ಉಳಿಯುತ್ತದೆ. ನಾನು ಪುಸ್ತಕ ಆರಿಸುವುದೂ ಓದಿ ಹೇಳುವುದೂ ಈ ನಂಬಿಕೆಯಿಂದಲೇ.

ಆರಂಭಕ್ಕೆ ಸಾಲುಮರದ ತಿಮ್ಮಕ್ಕನವರನ್ನು ಆರಿಸಿಕೊಂಡೆ. ಅವರು ನಮ್ಮ ತಾಲ್ಲೂಕಿನಲ್ಲೇ ಹುಟ್ಟಿ, ಮದುವೆಯಾಗಿ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಹೋದವರು. ಶಾಲೆಯ ಮುಖ ಕಾಣದೆ, ಕೂಲಿ ಮಾಡಿಕೊಂಡೇ, ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಪತಿ ಚಿಕ್ಕಯ್ಯನವರೊಂದಿಗೆ ಆಲದ ಸಸಿಗಳನ್ನು ನೆಟ್ಟು ಬೆಳೆಸಿದವರು. ನನಗೆ ಬೇಕಾದಷ್ಟು ದೊಡ್ಡ ಚಿತ್ರಗಳಿರುವ ಪುಸ್ತಕ ಕೈಗೆ ಸಿಗದ ಕಾರಣ ಹಳೆಯ ಗೋಡೆ ಕ್ಯಾಲೆಂಡರುಗಳ ಹಿಂಬದಿಯ ಬಿಳಿ ಹಾಳೆಯಲ್ಲಿ ನಾನೇ ಬರೆದು, ದಪ್ಪ ದಾರದಿಂದ ಹೊಲಿದೆ. ಒಂದು ಹಾಳೆಗೆ ಒಂದು ಚಿತ್ರ, ಒಂದೇ ವಾಕ್ಯ. ಒಂದು ಪುಟದಲ್ಲಿ ಬಿಂದಿಗೆ ಹೊತ್ತ ಹೆಂಗಸು, ಮೊಣಕಾಲೆತ್ತರದ ಸಸಿ, ಅದರ ಸುತ್ತ ಮುಳ್ಳುಕಂಟಿಯ ಬೇಲಿ ಇವೆ. ಬೇಲಿಯ ವಿಷಯ ವಾಕ್ಯದಲ್ಲಿ ಇಲ್ಲ, ನಾನೂ ಹೇಳುವುದಿಲ್ಲ. ಒಂದನೆಯ ತರಗತಿಯ ಮಗು ‘ಮುಳ್ಳು ಯಾಕೆ ಮಿಸ್?’ ಎಂದು ಕೇಳಿದರೆ, ಮನೆಯಲ್ಲಿ ಮೇಕೆ ಇರುವ ಇನ್ನೊಂದು ಮಗು ‘ಇಲ್ದಿದ್ರೆ ಮೇಕೆ ತಿಂದ್ಬಿಡ್ತದೆ’ ಎಂದು ಉತ್ತರ ಕೊಡುತ್ತದೆ. ಆ ಮಾತು ಮುಗಿಯುವವರೆಗೆ ಪುಟ ತಿರುವಬಾರದು. ಮುಂದಿನ ಪುಟದಲ್ಲಿ ಅದೇ ರಸ್ತೆ, ಆದರೆ ಮೇಲೆ ಆಕಾಶವೇ ಕಾಣದಷ್ಟು ಎಲೆ.

2019ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಅವರು ರಾಷ್ಟ್ರಪತಿಗಳ ತಲೆ ಮುಟ್ಟಿ ಹರಸಿದ ಸಂದರ್ಭವನ್ನು ಕೊನೆಯ ಪುಟಕ್ಕೆ ಇಟ್ಟಿದ್ದೇನೆ. ರಾಷ್ಟ್ರಪತಿ ಎಂದರೆ ಯಾರೆಂದು ತಿಳಿಯದ ಮಗುವಿಗೂ ಅಜ್ಜಿಯ ಆಶೀರ್ವಾದ ತಿಳಿಯುತ್ತದೆ.

ಸಾವಿತ್ರಿಬಾಯಿ ಫುಲೆಯವರ ಕಥೆಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಚೀಲದಲ್ಲಿದ್ದ ಸೀರೆಯ ಹತ್ತಿರ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಲು ಹೊರಟ ಅವರ ಮೇಲೆ ದಾರಿಯಲ್ಲಿ ಜನ ಸಗಣಿ, ಕೆಸರು ಎರಚುತ್ತಿದ್ದುದರಿಂದ, ಶಾಲೆಗೆ ಹೋಗಿ ಬದಲಾಯಿಸಿಕೊಳ್ಳಲೆಂದು ಅವರು ಇನ್ನೊಂದು ಸೀರೆಯನ್ನು ಜೊತೆಗೊಯ್ಯುತ್ತಿದ್ದರು. ಯಾಕೆ ಎರಚಿದರು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಹೆಣ್ಣುಮಕ್ಕಳೂ ಕೆಳಜಾತಿಯೆಂದು ದೂರವಿಟ್ಟವರ ಮಕ್ಕಳೂ ಓದಬಾರದು ಎಂದು ಎರಚಿದವರು ನಂಬಿದ್ದರು ಎಂದು ನೇರವಾಗಿ ಹೇಳುತ್ತೇನೆ. ‘ಕೆಟ್ಟವರು’ ಎಂಬ ಒಂದೇ ಪದದಲ್ಲಿ ಈ ಪ್ರಶ್ನೆಯನ್ನು ಮುಚ್ಚಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಸಾವಿತ್ರಿಬಾಯಿಯವರಿಗೆ ಅಕ್ಷರ ಕಲಿಸಿದವರು ಪತಿ ಜೋತಿಬಾ ಎಂಬುದನ್ನೂ, ಫಾತಿಮಾ ಶೇಖ್ ಜೊತೆಗೂಡಿ ಪಾಠ ಮಾಡಿದರು ಎಂಬುದನ್ನೂ ಬಿಡುವುದಿಲ್ಲ. ಒಬ್ಬರೇ ಎಲ್ಲವನ್ನೂ ಮಾಡಿದರೆಂಬ ಭಾವನೆ ಮಕ್ಕಳಲ್ಲಿ ಬೇರೂರಬಾರದು.

1848 ಎಂಬ ಸಂಖ್ಯೆ ಆರು ವರ್ಷದ ಮಗುವಿಗೆ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಕಪ್ಪುಹಲಗೆಯಿಂದ ಬಾಗಿಲಿನವರೆಗೆ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿನಿಂದ ಚಿತ್ರಗಳನ್ನು ಸಿಕ್ಕಿಸಿದ್ದೇವೆ. ಬಾಗಿಲ ಕಡೆಯ ತುದಿಯಲ್ಲಿ ಮಕ್ಕಳು, ಆಮೇಲೆ ಅಮ್ಮ, ಅಜ್ಜಿ, ಅಜ್ಜಿಯ ಅಮ್ಮ. ಅದಕ್ಕೂ ಆಚೆ ಸಾವಿತ್ರಿಬಾಯಿ, ಅವರಿಗಿಂತಲೂ ಆಚೆ ಓಬವ್ವ.

ನೆರೆಯ ಚಿತ್ರದುರ್ಗದ ಓಬವ್ವನ ಹೆಸರು ಹೆಚ್ಚಿನ ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ, ಒನಕೆ ಬೀಸುವ ಆಟವೂ ಗೊತ್ತಿರುತ್ತದೆ. ನಾನು ಮಾತ್ರ ಆ ಏಟಿಗಿಂತ ಮುಂಚಿನ ಗಳಿಗೆಯನ್ನು ತೋರಿಸುತ್ತೇನೆ: ಗಂಡ ಊಟಕ್ಕೆ ಕುಳಿತಿದ್ದಾನೆ, ನೀರು ತರಲು ಹೋದಾಕೆ ಕಲ್ಲಿನ ಕಿಂಡಿಯ ಹತ್ತಿರ ಸದ್ದು ಕೇಳಿ ನಿಂತಿದ್ದಾಳೆ. ಆಕೆ ಏನು ಕೇಳಿಸಿಕೊಂಡಳು, ಏನು ಯೋಚಿಸಿದಳು ಎಂಬ ಚರ್ಚೆಯಲ್ಲೇ ಅವಧಿ ಮುಗಿಯುತ್ತದೆ. ಕಿತ್ತೂರು ಚೆನ್ನಮ್ಮನವರ 1824ರ ಯುದ್ಧದ ಹಿಂದೆ ದತ್ತುಪುತ್ರನ ಹಕ್ಕಿನ ಪ್ರಶ್ನೆ ಇರುವುದರಿಂದ ಅದನ್ನು ಮೂರನೆಯ ತರಗತಿಯವರಿಗೆ ಮಾತ್ರ ಹೇಳುತ್ತೇನೆ.

ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಹವಾಮಾನ ವಿಜ್ಞಾನಿ ಅನ್ನಾ ಮಣಿಯವರ ಕಥೆ. ಕೇರಳದ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದ ಅವರು, ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ಕೊಡಬಂದ ವಜ್ರದ ಓಲೆ ಬೇಡವೆಂದು ವಿಶ್ವಕೋಶ ಕೇಳಿ ಪಡೆದರು. ದೊಡ್ಡವರಾದ ಮೇಲೆ ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳು ನಮ್ಮ ದೇಶದಲ್ಲೇ ತಯಾರಾಗುವಂತೆ ದುಡಿದರು. ಓದಿದ ಮೇಲೆ ನಾವು ನೇರ ಗೋಡೆಯ ಒಂದು ಡಬ್ಬಿಯನ್ನು ಅಂಗಳದಲ್ಲಿಟ್ಟು, ಮಳೆ ಬಂದ ಮರುದಿನ ಒಳಗೆ ನಿಂತ ನೀರಿನ ಎತ್ತರವನ್ನು ಸ್ಕೇಲಿನಿಂದ ಮಿಲಿಮೀಟರಿನಲ್ಲಿ ಅಳೆದೆವು. ಮನೆಯಲ್ಲಿ ‘ಹದ ಮಳೆ’ ಎನ್ನುವುದನ್ನು ಕೇಳಿ ಬೆಳೆದ ಮಕ್ಕಳು ಅದಕ್ಕೊಂದು ಅಂಕಿಯನ್ನು ಗೋಡೆಯ ಪಟ್ಟಿಯಲ್ಲಿ ಬರೆದರು. ಈ ಕಥೆಗೆ ಗಂಡುಮಕ್ಕಳೂ ಅಷ್ಟೇ ಆಸೆಯಿಂದ ಕೂರುತ್ತಾರೆ. ಇವು ಹೆಣ್ಣುಮಕ್ಕಳಿಗಷ್ಟೇ ಹೇಳುವ ಕಥೆಗಳೆಂದು ನಾನು ಎಂದೂ ಭಾವಿಸಿಲ್ಲ.

ಪುಸ್ತಕ ಹುಡುಕುವವರು ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವನ್ನೂ, ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ಜಾಲತಾಣವನ್ನೂ ನೋಡಬಹುದು. ಜಾಲತಾಣದ ಕನ್ನಡ ಚಿತ್ರಪುಸ್ತಕಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು. ನಮ್ಮ ಕೋಣೆಯಲ್ಲಿ ಈಗ ಸಂಚಿ ಹೊನ್ನಮ್ಮನ ಪುಸ್ತಕ ಸಿದ್ಧವಾಗುತ್ತಿದೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ-ಅಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದುಕೊಂಡೇ ಕಾವ್ಯ ಬರೆದ ಆಕೆಯನ್ನು ಚಿತ್ರಿಸಲು, ಅಡಿಕೆ ತೋಟದ ಮಕ್ಕಳಿಬ್ಬರು ತಮ್ಮ ಅಜ್ಜಿಯರ ಎಲೆ-ಅಡಿಕೆ ಚೀಲವನ್ನು ನೋಡಿ ಬರೆದುಕೊಂಡು ಬಂದಿದ್ದಾರೆ.